ಪಟಿಕದ ನೀರು

ನಾನು ತುಂಬುವುದು ಕೆಂಪಲ್ಲ, ಕೇಳಿ.
ಪಟಿಕದ ನೀರು, ಹುಣಸೆಬೀಜದ ಸರಿ,
ಕುಂಚವೆಂದರೆ ತುದಿ ಜಜ್ಜಿದ ಬಿದಿರುಕಡ್ಡಿ.
ಅಳಲೆಕಾಯಿ ಕುಡಿದು ಹಳದಿಗಟ್ಟಿದ ಬಟ್ಟೆಯ ಮೇಲೆ
ಅಮ್ಮನ ಸೆರಗು, ಅಮ್ಮನ ನಾಲಗೆ,
ಬರೀ ಒದ್ದೆ ಕಲೆ. ಒಣಗಿದರೆ ಅದೂ ಕಾಣದು.
ಕೆಂಪು ಇರುವುದು ತಾಮ್ರದ ಹಂಡೆಯ ಕುದಿಯಲ್ಲಿ.

ಮದುವೆಯಾಗಿ ಬಂದ ಹೊಸತು,
ಎಲ್ಲಿ ತುಂಬಿದೆ, ಎಲ್ಲಿ ಬಿಟ್ಟೆ ತಿಳಿಯದೆ
ಹುಂಜದ ಜುಟ್ಟನ್ನೇ ಮರೆತಿದ್ದೆ.
ಆ ವರ್ಷ ಬಹುಚರಾ ಮಾತೆ
ಬಿಳಿಜುಟ್ಟಿನ ಹುಂಜ ಏರಿ ಊರೂರು ಸುತ್ತಿದಳು.
ಯಾರೂ ಏನೂ ಅನ್ನಲಿಲ್ಲ. ಅವಳೂ.

ನಮ್ಮವರನ್ನು ಗುಡಿಯೊಳಗೆ ಬಿಡುತ್ತಿರಲಿಲ್ಲ.
ಸರಿ ಬಿಡಿ ಎಂದು ಗುಡಿಯನ್ನೇ ಬಟ್ಟೆಗಿಳಿಸಿ
ನಾಲ್ಕು ಗಳಕ್ಕೆ ಬಿಗಿದನಂತೆ ಮಾವನ ಮುತ್ತಜ್ಜ.
ಮಡಚಿದರೆ ಕಂಕುಳಲ್ಲಿ ಹಿಡಿಸುವ ಗರ್ಭಗುಡಿ!
ಈಗ ಗೋಡೆಗೆ ತೂಗುವವರು ಫೋನ್ ಮಾಡುತ್ತಾರೆ:
"ನಾಯಿಯ ಬದಲು ನವಿಲು ಆಗುತ್ತದಾ?
ಸೋಫಾದ ಬಣ್ಣಕ್ಕೆ ಹೊಂದಬೇಕು."

ನಾಯಿ ಏರಿದವಳು ಹಡಕಾಯಿ ಮಾ.
ಹುಚ್ಚು ಹಿಡಿದ ನಾಯಿಗೆ ಒಡತಿ,
ಕಚ್ಚಿಸಿಕೊಂಡವರಿಗೆ ತಾಯಿ.
ಕೊಲ್ಲಬಾರದಿತ್ತೇ ಅದನ್ನು, ಏರುವ ಬದಲು?
ಕೇಳಿದ್ದೆ ಒಮ್ಮೆ. ಮಾವ ಬೀಡಿ ಹೊತ್ತಿಸಿ
ಕೆಮ್ಮಿದರು, ಅಷ್ಟೆ.

ವೈಶಾಖದ ಸಂಜೆ, ವಾಸಣಾ ಸೇತುವೆಯ ಕೆಳಗೆ,
ಸಾಬರಮತಿಯಲ್ಲಿ ಬಟ್ಟೆ ಜಾಲಾಡುವ ಹೊತ್ತು,
ನನ್ನ ವಿಹೋನ ಮೀನಖಂಡಕ್ಕೆ ಹಲ್ಲೂರಿತು
ಹರಿದ ಕಿವಿಯ ಕಂದು ನಾಯಿ.
ಆಸ್ಪತ್ರೆಯ ಡಾಕ್ಟರಮ್ಮ ಸೂಜಿ ಚುಚ್ಚಿ, ಚೀಟಿ ಬರೆದು,
ತಲೆಯೆತ್ತದೆ ಅಂದಳು: "ಐದು ಸಲ ಬರಬೇಕು.
ನಾಯಿಯನ್ನು ಕಟ್ಟಿಹಾಕಿ, ಹತ್ತು ದಿನ ನೋಡಿ.
ಸತ್ತರೆ ಓಡಿ ಬಂದು ಹೇಳಿ."

ಓಣಿಗೆ ಬಂದರೆ ದೊಣ್ಣೆಗಳು.
ಮೈದುನ ಕಾಳೂ, ಚಹಾದಂಗಡಿಯ ಧನಜೀ,
ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗರು.
ನಾಯಿ ಹಂಡೆಯ ಒಲೆಯ ಹಿಂದೆ
ಬೂದಿಯಲ್ಲಿ ಮುದುಡಿದೆ, ಬಾಲ ಹೊಟ್ಟೆಗೆ ಅಂಟಿಸಿ.
ನಾನು ಏನು ಕೂಗಿದೆನೋ ನೆನಪಿಲ್ಲ.
ಕೈಯಲ್ಲಿ ಬಣ್ಣ ಕಲಕುವ ಉದ್ದ ಕೋಲಿತ್ತು,
ಬೆನ್ನ ಹಿಂದೆ ಅದರ ಬಿಸಿ ಉಸಿರಿತ್ತು.
ಮಗನ ರಕ್ತ ಇನ್ನೂ ಒಣಗಿರದ ಅದೇ ಬಾಯಿ.

ಹತ್ತು ದಿನ.
ಮಗನಿಗೆ ಒಂದು ರೊಟ್ಟಿ, ಅದಕ್ಕೆ ಅರ್ಧ.
ಬೆಳಗಾದರೆ ನೀರಿನ ಬಟ್ಟಲನ್ನು ಕೋಲಿಂದ ದೂಡಿ
ಕಿವಿಗೊಟ್ಟು ನಿಲ್ಲುವುದು:
ಲೊಚಕ್, ಲೊಚಕ್.
ಇಂಥ ಜಪವನ್ನು ನಾನು ಯಾವ ಬಾಯಲ್ಲೂ ಕೇಳಿಲ್ಲ.
ಮೂಲೆಯ ಮಡಕೆಯಲ್ಲಿ ತುಕ್ಕಿನ ಲಾಳ, ಬೆಲ್ಲ
ನೊರೆಯೆದ್ದು ಕಪ್ಪಾಗುತ್ತಿದ್ದವು, ತಮ್ಮ ಪಾಡಿಗೆ.
ಮಾವ ಹಳೆಯ ಕಪ್ಪು ಬಗ್ಗಿಸಿಕೊಂಡು
ಹರಕೆಯ ಬಟ್ಟೆಗೆ ಗೆರೆ ಎಳೆದರು.
ನಾಯಿಯ ಒಂದು ಕಿವಿ ಹರಿದಂತೆ ಬರೆದರು.
ಮನೆಯ ಅಚ್ಚಿನಲ್ಲಿ ಹಾಗಿಲ್ಲ. ನಾನು ಕೇಳಲಿಲ್ಲ.

ಎಂಟನೆಯ ದಿನ ಅದು ನೀರು ಮುಟ್ಟಲಿಲ್ಲ.
ರಾತ್ರಿಯಿಡೀ ಒಲೆಯ ಬಳಿ ಕೂತೆ.
"ಸಾಯಬೇಡವೇ ಮುಂಡೇದೆ,
ಸಾಯಬೇಡ ನನ್ನವ್ವ" ಎಂದು
ಬೈಗುಳವೋ ಬೇಡಿಕೆಯೋ ಒಂದೇ ಉಸಿರಲ್ಲಿ.
ನಸುಕಿಗೆ ಎದ್ದು ನೋಡಿದರೆ
ಬಟ್ಟಲಿನದಲ್ಲ, ನನ್ನ ಪಟಿಕದ ನೀರನ್ನೇ
ನೆಕ್ಕಿ, ಮುಖ ಕಿವುಚಿ, ಸೀನುತ್ತಿತ್ತು.

ಹನ್ನೊಂದನೆಯ ದಿನ ಹಗ್ಗ ಬಿಚ್ಚಿದೆ.
ತಿರುಗಿಯೂ ನೋಡದೆ ಹೋಯಿತು,
ಹೋಗುವಾಗ ಬಟ್ಟೆಯ ಗಳಕ್ಕೆ ಕಾಲೆತ್ತಿ.

ಅಂದೇ ಹಂಡೆ ಹೂಡಿದೆವು. ಧಾವಡಿ ಹೂ, ಸೌದೆ, ಹೊಗೆ.
ಕೋಲಿಂದ ಎತ್ತಿ ಎತ್ತಿ ಅದ್ದಿದಂತೆ
ಏಳತೊಡಗಿತು ಕೆಂಪು: ನಾಲಗೆ ಮೊದಲು,
ಆಮೇಲೆ ಸೆರಗು, ನಾಯಿಯ ಹರಿದ ಕಿವಿಯ ಒಳಗು.
ಒಂದು ಕೈ ಮಾತ್ರ ಬೆಳ್ಳಗೆ ಉಳಿದಿತ್ತು ಅಮ್ಮನದು,
ಲಗಾಮು ಹಿಡಿದ ಕೈ.
ಯಾವ ರಾತ್ರಿ ಮರೆತೆನೋ!
ಮಾವ ಬಹಳ ಹೊತ್ತು ನೋಡಿ, "ಇರಲಿ" ಅಂದರು.

ವಿಹೋನಿಗೆ ಇನ್ನೆರಡು ಸೂಜಿ ಬಾಕಿ.
ಸೋಫಾದವರು ಮತ್ತೆ ಫೋನ್ ಮಾಡಿದ್ದರು.
ಕೈ ಒದ್ದೆಯಿತ್ತು, ಎತ್ತಲಿಲ್ಲ.